ವಂದೇ ಮಾತರಂ ನಿಲ್ಲಿಸದ ಮಿರಜದ ಕಂಠ

ಕವಲಾಪುರ : ಗಡಿಭಾಗದ ಕನ್ನಡ, ಮರಾಠಿ ಶಾಲೆಗಳೆರಡಕ್ಕೂ ಪರಿಚಿತವಾದ ಹಾಡು 'ವಂದೇ ಮಾತರಂ'. ಬಂಕಿಮಚಂದ್ರರ ಈ ಗೀತೆಯನ್ನು ಕಾಂಗ್ರೆಸ್ ಅಧಿವೇಶನಗಳಲ್ಲಿ ಹಾಡಿ ಹೆಸರಾದವರು ಪಂಡಿತ ವಿಷ್ಣು ದಿಗಂಬರ ಪಲುಸ್ಕರ್. ಕವಲಾಪುರಕ್ಕೆ ಹತ್ತಿರದ ಮಿರಜವೇ ಅವರ ಸಂಗೀತದ ತವರು.

ಪಲುಸ್ಕರ್ ಹುಟ್ಟಿದ್ದು 1872ರಲ್ಲಿ, ಕುರುಂದವಾಡದಲ್ಲಿ. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು, ಓದು ನಿಂತಿತು. ಮಿರಜದಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರ್ ಅವರ ಶಿಷ್ಯರಾದರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಆರಂಭಿಸಿದರು.

1923ರ ಕಾಕಿನಾಡ ಅಧಿವೇಶನದಲ್ಲಿ ಅಧ್ಯಕ್ಷ ಮೌಲಾನಾ ಮಹಮ್ಮದ್ ಅಲಿ ಅವರು ಧಾರ್ಮಿಕ ಕಾರಣಕ್ಕೆ ಹಾಡನ್ನು ಆಕ್ಷೇಪಿಸಿದರು. ಪಲುಸ್ಕರ್ ನಿಲ್ಲಿಸದೆ ಪೂರ್ತಿ ಹಾಡಿದರು.

1931ರಲ್ಲಿ ಅವರು ಮಿರಜದಲ್ಲೇ ನಿಧನರಾದರು. ಚರ್ಚೆ ಮಾತ್ರ ಮುಂದುವರಿಯಿತು. ಸಭೆಗಳಲ್ಲಿ ಮೊದಲೆರಡು ಚರಣ ಸಾಕೆಂದು 1937ರಲ್ಲಿ ಕಾಂಗ್ರೆಸ್ ತೀರ್ಮಾನಿಸಿತು. 1950ರ ಜನವರಿ 24ರಂದು ಗೀತೆಗೆ ರಾಷ್ಟ್ರಗೀತೆಗೆ ಸಮನಾದ ಗೌರವ ದೊರೆಯಿತು.