ಬೆತ್ತಲೆ ದಂಡೆಯ ಕಾವಲು

ನಮ್ಮ ಬೀದರ ಜಿಲ್ಲೆಗೆ ಸಮುದ್ರವಿಲ್ಲ. ಬಸವಕಲ್ಯಾಣದವರಿಗೆ ದಂಡೆ ಎಂದರೆ ತ್ರಿಪುರಾಂತ ಕೆರೆಯ ದಂಡೆ. ಇನ್ನೂ ದೊಡ್ಡ ನೀರು ನೋಡಬೇಕೆಂದರೆ ಕಾರಂಜಾ ಜಲಾಶಯ. ತೆರೆ, ಭರತ, ಇಳಿತಗಳೆಲ್ಲ ನಮಗೆ ಪುಸ್ತಕದ ಮಾತು. ಆದರೂ ಚಳಿಗಾಲ ಬಂತೆಂದರೆ ಇಲ್ಲಿಯ ಹರೆಯದ ಹುಡುಗರ ಬಾಯಲ್ಲಿ ಗೋಕರ್ಣ, ಗೋವಾದ ಹೆಸರು ಓಡಾಡತೊಡಗುತ್ತದೆ. ನಾಲ್ಕಾರು ಮಂದಿ ಸೇರಿ ಗಾಡಿ ಗೊತ್ತುಮಾಡುತ್ತಾರೆ. ಒಮ್ಮೆ ಹುಮನಾಬಾದದ ಬಸ್ ನಿಲ್ದಾಣದೆದುರಿನ ಚಹಾದಂಗಡಿಯಲ್ಲಿ ಅಂಥವನೊಬ್ಬ ನನ್ನನ್ನು ಕೇಳಿದ್ದ: "ಅಲ್ಲಿ ಫಾರಿನ್ ಮಂದಿ ಬರಿಮೈಲೆ ಅಡ್ಡಾಡ್ತಾರಂತಲ್ರೀ ಮಾಸ್ತರ್, ಖರೆ ಏನ್ರಿ?" ಸುತ್ತಲಿದ್ದವರು ನಕ್ಕರು. ನನಗೂ ನಗು ಬಂತು. ಆದರೆ ಆ ಪ್ರಶ್ನೆ ಆಮೇಲೆ ಬಹಳ ದಿನ ನನ್ನ ಬೆನ್ನು ಬಿಡಲಿಲ್ಲ. ಯಾಕೆಂದರೆ ಬರಿಮೈಯ ಬಗ್ಗೆ ಪ್ರಶ್ನೆ ಕೇಳುವುದು ನಮ್ಮ ಕಲ್ಯಾಣಕ್ಕೆ ಹೊಸದಲ್ಲ. ಅದನ್ನು ಹೇಗೆ ಕೇಳಬೇಕು ಎಂಬುದನ್ನೂ ಈ ಊರು ಒಮ್ಮೆ ತೋರಿಸಿಕೊಟ್ಟಿತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣ ಬಟ್ಟೆಬರೆಯ ವೈಭವ ಕಂಡ ರಾಜಧಾನಿ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ಸ್ನಾನಕ್ಕೆ, ಉಡುಗೆಗೆ, ಜಲಕ್ರೀಡೆಗೆ ಬೇರೆ ಬೇರೆ ಪ್ರಕರಣಗಳೇ ಇವೆ. ಅವನ ತಂದೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತ ನಿಂತಿರುವ ಕಲ್ಲಿನ ಬಾಲಿಕೆಯೊಬ್ಬಳು ಹುಮನಾಬಾದ ತಾಲೂಕಿನ ಜಲಸಂಗವಿಯ ಗುಡಿಯ ಗೋಡೆಯ ಮೇಲೆ ಇಂದಿಗೂ ಇದ್ದಾಳೆ. ಅವಳ ಮತ್ತು ಅವಳ ಗೆಳತಿಯರ ಮೈಮೇಲೆ ಆಭರಣವೇ ಹೆಚ್ಚು, ಬಟ್ಟೆ ಕಡಿಮೆ. ದೇವರಿಗೆ ಕೈಮುಗಿಯಲು ಬಂದ ಮುದುಕಿಯರು ಆ ಗೋಡೆಯ ಬಗಲಲ್ಲೇ ಬುತ್ತಿ ಬಿಚ್ಚಿ ಉಣ್ಣುವುದನ್ನು ನಾನು ನೋಡಿದ್ದೇನೆ. ಯಾರ ಕಣ್ಣಿಗೂ ಅದು ಚುಚ್ಚಿದಂತೆ ಕಾಣಲಿಲ್ಲ. ಕಲ್ಲಿನ ಮೈಗೆ ನಮ್ಮಲ್ಲಿ ಎಂದೂ ಕಾವಲು ಬೇಕಾಗಿಲ್ಲ. ತೊಡಕು ಹುಟ್ಟುವುದು ಜೀವಂತ ಮೈ ಬಂದು ನಿಂತಾಗ.

ಅಂಥ ಮೈಯೊಂದು ಮಾನಸೋಲ್ಲಾಸದ ಕಾಲದಿಂದ ಕೆಲವೇ ದಶಕಗಳಾಚೆ ಕಲ್ಯಾಣಕ್ಕೆ ಬಂತು. ಉಡುತಡಿಯ ಮಹಾದೇವಿ ಅರಮನೆಯನ್ನೂ ಸೀರೆಯನ್ನೂ ಬಿಟ್ಟು, ಕೂದಲನ್ನಷ್ಟೇ ಹೊದ್ದು ಬಂದಳು. ಆಕೆ ಅನುಭವ ಮಂಟಪವನ್ನು ಹೊಕ್ಕ ಕಥೆಯನ್ನು ನಾವು ಓದುವುದು ಹೆಚ್ಚಾಗಿ ಹದಿನೈದನೆಯ ಶತಮಾನದಲ್ಲಿ ಕೂಡಿಸಿದ 'ಶೂನ್ಯಸಂಪಾದನೆ'ಗಳಲ್ಲಿ. ಘಟನೆಗೂ ಗ್ರಂಥಕ್ಕೂ ನಡುವೆ ಇನ್ನೂರು ವರುಷಗಳಿಗೂ ಮಿಕ್ಕ ಅಂತರವಿದೆ. ಆದ್ದರಿಂದ ಅದನ್ನು ನಡೆದದ್ದು ನಡೆದ ಹಾಗೆ ಎಂದು ಇತಿಹಾಸದ ವಿದ್ಯಾರ್ಥಿ ಹೇಳಲಾರ. ಆದರೆ ಒಂದು ಸಮಾಜ ತನ್ನ ನೆನಪಿನಲ್ಲಿ ಏನನ್ನು ಕಾಪಾಡಿಕೊಂಡಿತು ಎಂಬುದೂ ಇತಿಹಾಸವೇ. ಅಲ್ಲಮಪ್ರಭು ಆಕೆಯನ್ನು ಒಳಗೆ ಬಿಡುವ ಮುನ್ನ ತುಂಬಿದ ಸಭೆಯಲ್ಲಿ ಕಟುವಾಗಿಯೇ ಪ್ರಶ್ನಿಸುತ್ತಾನೆ. ಸೀರೆ ಬಿಟ್ಟವಳಿಗೆ ಕೂದಲ ಮರೆ ಯಾಕೆ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಆಕೆಯ ಉತ್ತರದ ತಾತ್ಪರ್ಯ ಇಷ್ಟು: ಈ ಮರೆ ನನಗಾಗಿ ಅಲ್ಲ, ನೋಡುವ ನಿಮಗೆ ನೋವಾಗದಿರಲಿ ಎಂದು.

ಅಕ್ಕನನ್ನು ಇಂದಿನ ಬೆತ್ತಲೆ ಸ್ನಾನದವರ ಸಾಲಿಗೆ ಸೇರಿಸುವ ಉದ್ದೇಶ ನನಗಿಲ್ಲ. ಆಕೆಯದು ಬಿಸಿಲು, ಗಾಳಿಯ ಸುಖಕ್ಕಾಗಿ ಬಿಟ್ಟ ಬಟ್ಟೆಯಲ್ಲ. ನನ್ನ ಗಮನ ಇರುವುದು ಸಭೆಯ ಮೇಲೆ. ಅಲ್ಲಿ ಕದ್ದು ನೋಡಿದವರಿಲ್ಲ. ಎದುರಿಗೆ ಕೂತು ಕೇಳಿದರು. ಕೇಳಿಸಿಕೊಂಡವಳು ಉತ್ತರ ಕೊಟ್ಟಳು, ತನ್ನನ್ನು ನೋಡುವವರ ಕಷ್ಟವನ್ನೂ ಲೆಕ್ಕಕ್ಕೆ ಹಿಡಿದಳು. ಉತ್ತರ ಒಪ್ಪಿಗೆಯಾದ ಮೇಲೆ ಸಭೆ ಆಕೆಯನ್ನು 'ಅಕ್ಕ' ಎಂದಿತು. ಬರಿಮೈಗೆ ಊರಿನೊಳಗೆ ಜಾಗ ಸಿಕ್ಕಿದ್ದು ಈ ಕ್ರಮದಲ್ಲಿ.

ಇನ್ನು ಬಟ್ಟೆ ಬಿಡುವುದನ್ನೇ ಒಂದು ಸಂಘದ ಧ್ಯೇಯವಾಗಿ ಮಾಡಿಕೊಂಡವರ ಕಥೆ. ಇದೆಲ್ಲ ಯುರೋಪಿನಲ್ಲಿ ಹುಟ್ಟಿದ್ದೆಂದು ನಾವು ತಿಳಿದಿರುತ್ತೇವೆ. ಆದರೆ ಗೊತ್ತಿರುವ ಮಟ್ಟಿಗೆ ಇಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಮಗ್ಗುಲಲ್ಲೇ. ಹುಮನಾಬಾದ ಹಾಯ್ದು ಸೋಲಾಪುರ, ಪುಣೆಯತ್ತ ಹೋಗುವ ಹೆದ್ದಾರಿ ಹಿಡಿದು ಇನ್ನೂ ಮುಂದೆ ಸಾಗಿದರೆ ಠಾಣೆ ಸಿಗುತ್ತದೆ. ಅಲ್ಲಿ ಜಿಲ್ಲಾ ನ್ಯಾಯಾಧೀಶನಾಗಿದ್ದ ಚಾರ್ಲ್ಸ್ ಎಡ್ವರ್ಡ್ ಗಾರ್ಡನ್ ಕ್ರಾಫರ್ಡ್ ಎಂಬ ಇಂಗ್ಲಿಷ್ ಅಧಿಕಾರಿ 1891ರಲ್ಲಿ 'ಫೆಲೋಶಿಪ್ ಆಫ್ ದಿ ನೇಕೆಡ್ ಟ್ರಸ್ಟ್' ಎಂಬ ಕೂಟ ಕಟ್ಟಿದ. ಮೊದಲಿಗೆ ಇದ್ದವರು ಮೂರೇ ಸದಸ್ಯರು: ಅವನು ಮತ್ತು ಒಬ್ಬ ಪಾದ್ರಿಯ ಇಬ್ಬರು ಮಕ್ಕಳು. ಕ್ರಾಫರ್ಡ್‌ಗೆ ರತ್ನಾಗಿರಿಗೆ ವರ್ಗವಾಯಿತು, ಕೂಟ ಮುರಿಯಿತು. 1894ರಲ್ಲಿ ಅವನೂ ತೀರಿಕೊಂಡ. ಸುತ್ತ ಇದ್ದ ಊರಿಗೂ ಆ ಕೂಟಕ್ಕೂ ಯಾವ ಕೊಡುಕೊಳ್ಳುವಿಕೆಯೂ ಇರಲಿಲ್ಲ. ಬೇರಿಲ್ಲದ ಗಿಡ ಒಂದು ವರ್ಗಾವಣೆಗೇ ಒಣಗಿತು.

ಬೇರು ಬಿಟ್ಟದ್ದು ಪಶ್ಚಿಮದಲ್ಲಿ. ಫ್ರಾನ್ಸಿನ ಮೊಂಟಾಲಿವೆ ಎಂಬಲ್ಲಿ 1950ರಲ್ಲಿ ಸಮುದ್ರದಂಡೆಯ ಬೆತ್ತಲೆ ವಸತಿಯೊಂದು ಶುರುವಾಯಿತು. 1953ರಲ್ಲಿ ಅಲ್ಲಿಯೇ ಇವರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಬಹಳ ಜಗ್ಗಾಟದ ನಂತರ 1980ರಲ್ಲಿ ಒಂದು ತುಂಡು ದಂಡೆಯನ್ನು ಬಟ್ಟೆ ಬೇಕಾದವರಿಗೆ ಬಟ್ಟೆ, ಬೇಡವಾದವರಿಗೆ ಬೇಡ ಎಂದು ಬಿಟ್ಟುಕೊಟ್ಟರು. ಅಮೆರಿಕದ ಸ್ಯಾನ್ ಡಿಯಾಗೋ ನಗರ ತನ್ನ ಬ್ಲ್ಯಾಕ್ಸ್ ಬೀಚಿಗೆ ಅಂಥದೇ ಅನುಮತಿಯನ್ನು 1974ರಲ್ಲಿ ಕೊಟ್ಟಿತು. ಮೂರು ವರುಷದಲ್ಲಿ, 1977ರಲ್ಲಿ, ಊರಿನ ಜನ ಮತ ಹಾಕಿ ಅದನ್ನು ಹಿಂದಕ್ಕೆ ಪಡೆದರು. ಕೊಟ್ಟದ್ದೂ ಊರೇ, ಕಿತ್ತುಕೊಂಡದ್ದೂ ಊರೇ.

ಇದರಿಂದ ಆ ಜನ ಪಾಠ ಕಲಿತಂತೆ ತೋರುತ್ತದೆ. ಸದಾ ಬಂದುಹೋಗುವವರೇ ದಂಡೆಗೆ ಕಾವಲುಗಾರರಾಗದಿದ್ದರೆ ದಂಡೆ ಉಳಿಯುವುದಿಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ರೆಕ್ ಬೀಚ್ ಎಂಬ ಬೆತ್ತಲೆ ದಂಡೆಯಿದೆ. ನೂರಾರು ಮೆಟ್ಟಿಲು ಇಳಿದು ಕಾಡಿನ ನಡುವೆ ಅಲ್ಲಿಗೆ ಹೋಗಬೇಕು. ಅಲ್ಲಿಯ ಸಂರಕ್ಷಣಾ ಸಂಘದವರು ಬರಿಮೈಯ ಹಕ್ಕನ್ನಷ್ಟೇ ಕೇಳುತ್ತ ಕೂಡಲಿಲ್ಲ. ಮೇಲಿನ ದಿಬ್ಬದಲ್ಲಿ ವಿಶ್ವವಿದ್ಯಾಲಯ ಎತ್ತರದ ವಸತಿ ಕಟ್ಟಡ ಎಬ್ಬಿಸಹೊರಟಾಗ ತಕರಾರು ತೆಗೆದರು. ದಂಡೆ, ಮರ, ದಿಬ್ಬ ಹೇಗಿವೆಯೋ ಹಾಗೆ ಇರಲಿ ಎಂದರು. ಇಂಥ ದಂಡೆಗಳಲ್ಲಿ ಬರೆದಿಟ್ಟ, ಬರೆಯದ ಕೆಲವು ಕಟ್ಟಳೆಗಳಿವೆ. ಎಲ್ಲಿ ಕೂತರೂ ತನ್ನ ಟವೆಲ್ಲಿನ ಮೇಲೆಯೇ ಕೂಡಬೇಕು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ದಿಟ್ಟಿಸಿ ನೋಡಬಾರದು. ತಂದ ಕಸವನ್ನು ಹೊತ್ತು ಒಯ್ಯಬೇಕು. ಮಡಿವಂತ ಊರುಗಳಲ್ಲೂ ಇಷ್ಟು ಕಟ್ಟುನಿಟ್ಟು ಸಿಗುವುದು ಕಷ್ಟ. ಬಟ್ಟೆ ತೆಗೆದಷ್ಟೂ ಕಟ್ಟಳೆ ಹೆಚ್ಚು ಬೇಕಾಗುತ್ತದೆ ಎಂಬುದು ಅವರ ಅನುಭವ.

ಈಗ ನಮ್ಮ ಕಡಲಿಗೆ ಬರೋಣ. ಅರುವತ್ತರ ದಶಕದ ಕೊನೆಗೆ ಹಿಪ್ಪಿಗಳು ಗೋವಾದ ಆಂಜುಣಾಕ್ಕೆ ಬಂದರು. ಅಲ್ಲಿ ಗದ್ದಲ ಹೆಚ್ಚಿದ ಹಾಗೆ ಏಕಾಂತ ಬೇಕಾದವರು ದಕ್ಷಿಣಕ್ಕೆ ಸರಿಯುತ್ತ ಗೋಕರ್ಣ ಮುಟ್ಟಿದರು. ಮಹಾಬಲೇಶ್ವರನ ಗುಡಿಯಿಂದ ಕೆಂಪು ಮುರಕಲ್ಲಿನ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಆಮೇಲೆ ಓಂ, ಅದರಾಚೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಕೊನೆಯ ಎರಡಕ್ಕೆ ಇಂದಿಗೂ ಕಾಲುನಡಿಗೆಯಲ್ಲಿ ಇಲ್ಲವೇ ದೋಣಿಯಲ್ಲೇ ಹೋಗಬೇಕು. ದಾರಿ ಕಷ್ಟವಿದ್ದಷ್ಟು ಕಾಲ ಅದೇ ಅವರಿಗೆ ಬೇಲಿಯಾಗಿತ್ತು. 1998ರಲ್ಲಿ ಕೊಂಕಣ ರೈಲು ಉದ್ದಕ್ಕೂ ಓಡತೊಡಗಿತು. ಓಂ ದಂಡೆಯ ತಲೆಯವರೆಗೆ ವಾಹನ ಬಂದವು. ಬೇಲಿ ಬಿತ್ತು.

ಕೆಲವು ವರುಷಗಳ ಹಿಂದೆ ಗೋಕರ್ಣಕ್ಕೆ ಹೋಗಿದ್ದಾಗ ಬಲೆ ಸರಿಮಾಡುತ್ತ ಕೂತಿದ್ದ ವಯಸ್ಸಾದ ಬೆಸ್ತರೊಬ್ಬರನ್ನು ಮಾತಿಗೆಳೆದೆ. ಅವರು ಹೇಳಿದ್ದು ಇಷ್ಟೇ: "ಅವ್ರು ಬಟ್ಟೆ ಬಿಚ್ಚಿ ಮೀಯೂದು ನೋಡಿ ಮೊದ್ಲು ನಮಗೆ ನಾಚಿಕೆ ಆಯ್ತು. ನಮ್ಮ ಹೆಂಗಸ್ರು ಆ ಬದಿ ಹೋಗೂದೇ ಬಿಟ್ರು. ಆಮೇಲೆ ಅವ್ರನ್ನ ನೋಡೂಕೆ ಬರೋರು ಬಂದ್ರು, ಕುಡಿಯೂಕೆ ಬರೋರು ಬಂದ್ರು. ಈಗ ಬಲೆ ಎಳೆದ್ರೆ ಮೀನಿನ ಜೊತೆ ಬಾಟ್ಲಿ. ನಮ್ಮನ್ನ ಮಾತ್ರ ಯಾರೂ ಒಂದು ಮಾತು ಕೇಳ್ಲಿಲ್ಲ."

ಆ ಕೊನೆಯ ಮಾತಿನಲ್ಲಿ ಎಲ್ಲ ಅಡಗಿದೆ ಅನಿಸುತ್ತದೆ. ಬಂದ ಪರದೇಶಿಗರು ಇದನ್ನು ಯಾರದೂ ಅಲ್ಲದ ದಂಡೆ ಎಂದುಕೊಂಡರು. ಅದು ದೋಣಿ ಎಳೆಯುವವರ, ಮೀನು ಒಣಗಿಸುವವರ ಜಾಗವೆಂದು ಅವರಿಗೆ ಹೊಳೆಯಲಿಲ್ಲ. ಅವರ ಹಿಂದೆ ಬಂದ ಒಳನಾಡಿನವರು, ಅವರಲ್ಲಿ ನಮ್ಮ ಜಿಲ್ಲೆಯವರೂ ಉಂಟು, ಆ ಪರದೇಶಿಗರನ್ನು ಮೃಗಾಲಯದ ಪ್ರಾಣಿಗಳಂತೆ ನೋಡಿದರು. ಹೀಗೆ ಇಬ್ಬರೂ ಕೂಡಿ ಮೂರನೆಯವನ ಅನ್ನದ ಜಾಗವನ್ನು ಕೆಡಿಸಿದರು. ದೂರು ಬಂದಾಗ ಎಲ್ಲರೂ ಬೊಟ್ಟು ಮಾಡಿದ್ದು ಬರಿಮೈಯ ಕಡೆಗೆ. ಬಾಟಲಿಯ ಕಡೆಗೆ, ಕ್ಯಾಮರಾದ ಕಡೆಗೆ ಅಲ್ಲ.

ಬೆತ್ತಲೆ ಎಂದಾಗ ನೆನಪಾಗುವ ಇನ್ನೊಂದು ನೀರಿನ ದಂಡೆ ಕರ್ನಾಟಕದಲ್ಲಿದೆ. ಅದನ್ನು ಬಿಟ್ಟು ಈ ಚರಿತ್ರೆ ಹೇಳಿದರೆ ಅಪ್ರಾಮಾಣಿಕವಾದೀತು. ಅಕ್ಕನ ಉಡುತಡಿ ಶಿಕಾರಿಪುರ ತಾಲೂಕಿನಲ್ಲಿದ್ದರೆ ಪಕ್ಕದ ಸೊರಬ ತಾಲೂಕಿನಲ್ಲಿ ಚಂದ್ರಗುತ್ತಿಯಿದೆ. ವರದೆಯಲ್ಲಿ ಮಿಂದು ರೇಣುಕಾಂಬೆಯ ಗುಡ್ಡಕ್ಕೆ ಬರಿಮೈಯಲ್ಲಿ ಹೋಗುವ ಹರಕೆ ಅಲ್ಲಿ ನಡೆಯುತ್ತಿತ್ತು. ಹರಕೆ ಹೊತ್ತವರಲ್ಲಿ ಹೆಚ್ಚಿನವರು ಬಡವರು, ದಲಿತ ಹಾಗೂ ಹಿಂದುಳಿದ ಜಾತಿಯ ಹೆಂಗಸರು. ನೋಡಲು ಕ್ಯಾಮರಾ ಹಿಡಿದು ಬರುವ ಮಂದಿಯೂ ಸೇರತೊಡಗಿದರು. 1986ರ ಮಾರ್ಚಿಯಲ್ಲಿ ಈ ಸೇವೆಯನ್ನು ತಡೆಯಲು ದಲಿತ ಸಂಘರ್ಷ ಸಮಿತಿಯವರು ಹೋದಾಗ ಘರ್ಷಣೆಯಾಯಿತು. ಕಾರ್ಯಕರ್ತರನ್ನೂ ಪೊಲೀಸರನ್ನೂ, ಹೆಣ್ಣು ಗಂಡೆನ್ನದೆ, ಬಲವಂತವಾಗಿ ಬೆತ್ತಲೆ ಮಾಡಿ ಮೆರವಣಿಗೆ ಮಾಡಿದರು. ಅನಂತರ ಸರಕಾರ ಸೇವೆಯನ್ನು ನಿಷೇಧಿಸಿತು. ಯು. ಆರ್. ಅನಂತಮೂರ್ತಿಯವರು 'ಬೆತ್ತಲೆ ಪೂಜೆ ಯಾಕೆ ಕೂಡದು?' ಎಂದು ಕೇಳಿ ಬರೆದರು. ಕನ್ನಡದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನನ್ನ ಮಟ್ಟಿಗೆ ನಿಷೇಧ ಸರಿಯಾದದ್ದು. ಬಡತನ ಮತ್ತು ದೇವಿಯ ಭಯ ಎರಡೂ ಕೂಡಿ ಬಿಚ್ಚಿಸಿದ ಸೀರೆಯನ್ನು ತಾನೇ ಬಿಟ್ಟ ಸೀರೆ ಎನ್ನಲಾಗದು. ಅಕ್ಕನನ್ನು ಸಭೆ ಕೇಳಿತ್ತು. ಚಂದ್ರಗುತ್ತಿಯ ಹೆಣ್ಣುಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಇಂದಿನ ಸ್ಥಿತಿ ಹೀಗಿದೆ. ಭಾರತದಲ್ಲಿ ಬಟ್ಟೆಯಿಲ್ಲದೆ ಇರಲು ಸರಕಾರ ಒಪ್ಪಿಗೆ ಕೊಟ್ಟ ಸಮುದ್ರದಂಡೆ ಒಂದೂ ಇಲ್ಲ. ಸಾರ್ವಜನಿಕ ಅಶ್ಲೀಲ ವರ್ತನೆಗೆ ಹಿಂದೆ ದಂಡಸಂಹಿತೆಯ 294ನೆಯ ಕಲಮು ಇತ್ತು. 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಮು ಬಂದಿದೆ. ಎರಡರಲ್ಲೂ ಒಂದು ಮಾತು ಹಾಗೇ ಉಳಿದಿದೆ: ಆ ವರ್ತನೆಯಿಂದ ಇತರರಿಗೆ ಕಿರಿಕಿರಿಯಾಗಿರಬೇಕು. ಅಂದರೆ ಕಾನೂನು ಕೂಡ ಬರಿಮೈಯನ್ನಷ್ಟೇ ಅಳೆಯುವುದಿಲ್ಲ, ಪಕ್ಕದಲ್ಲಿ ನಿಂತವನನ್ನೂ ವಿಚಾರಿಸುತ್ತದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಟೆನಿಸ್ ಆಟಗಾರ ಬೋರಿಸ್ ಬೆಕರ್‌ನ ಒಂದು ಚಿತ್ರದ ಮೊಕದ್ದಮೆಯಲ್ಲಿ, ಬೆತ್ತಲೆಯಾದ ಮಾತ್ರಕ್ಕೆ ಚಿತ್ರ ಅಶ್ಲೀಲವಾಗುವುದಿಲ್ಲ, ಸಂದರ್ಭ ನೋಡಬೇಕು ಎಂದಿತು. ಆದರೆ ಅದು ಚಿತ್ರದ ಮಾತು, ದಂಡೆಯ ಮಾತಲ್ಲ.

ಮುಂದೊಂದು ದಿನ ನಮ್ಮ ಕರಾವಳಿಯಲ್ಲಿ ಯಾರಾದರೂ ಅಂಥ ದಂಡೆ ಬೇಕೆಂದು ಕೇಳಿದರೆ ನಾನು ತಕ್ಷಣ ಬೇಡವೆನ್ನಲಾರೆ. ಆದರೆ ಕೆಲವು ಪ್ರಶ್ನೆ ಕೇಳುತ್ತೇನೆ. ದೋಣಿಯವರನ್ನು ಕೇಳಿದಿರಾ? ಅವರ ಹೆಂಗಸರು ಯಾವ ದಾರಿಯಲ್ಲಿ ನಡೆದಾಡಬೇಕು? ಆಮೆ ಮೊಟ್ಟೆಯಿಡುವ ಮರಳನ್ನು ರಾತ್ರಿ ಯಾರು ಕಾಯುತ್ತಾರೆ? ಕಸ ಹೊರುವವರು ಯಾರು, ನೀವೋ ಪಂಚಾಯಿತಿಯ ಕೂಲಿಯವಳೋ? ಒಂಟಿ ಹೆಣ್ಣಿನ ಮೇಲೆ ಕಣ್ಣಿಟ್ಟವನನ್ನು ಎಬ್ಬಿಸಿ ಕಳಿಸುವವರು ಯಾರು? ಇವಕ್ಕೆ ಉತ್ತರವಿದ್ದವರು ಬಟ್ಟೆ ತೊಟ್ಟೇ ದಂಡೆಯನ್ನು ಹತ್ತು ವರುಷ ಕಾಯ್ದು ತೋರಿಸಲಿ. ಆಮೇಲೆ ಅವರ ಮಾತಿಗೆ ಊರಿನಲ್ಲಿ ತೂಕ ಬಂದೀತು.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ಕಟ್ಟಡ ಎಷ್ಟು ಎತ್ತರವಾದರೂ ಆಗಲಿ, ಹಳೆಯ ಮಂಟಪದ ಗಟ್ಟಿತನ ಇದ್ದದ್ದು ಕಲ್ಲಿನಲ್ಲಲ್ಲ. ಬೇರೆಯವಳಾಗಿ ಬಂದವಳನ್ನು ಹೊರಗೆ ನಿಲ್ಲಿಸಿ ನಗದೆ, ಒಳಗೆ ಕರೆದು ಕೇಳುವ ಧೈರ್ಯ ಆ ಜನಕ್ಕಿತ್ತು. ಕೇಳಿದವರ ಮುಖ ನೋಡಿ ಉತ್ತರಿಸುವ ಧೈರ್ಯ ಆಕೆಗಿತ್ತು. ದಂಡೆ ಬೇಕೆನ್ನುವವರು ಮೊದಲು ಅಂಥದೊಂದು ಸಭೆ ಸೇರಿಸಲಿ, ಬೆಸ್ತರ ಕೇರಿಯ ಮುಂದೆ, ಬಲೆ ಒಣಗುವ ಹೊತ್ತಿನಲ್ಲಿ.