ಆವರಣ ಚಿಹ್ನೆಯಿಂದ ಟ್ಯಾಗ್‌ವರೆಗೆ: ಶಾಸನಪಾಠದಲ್ಲಿ ಹೆಸರಿನ ಪ್ರಶ್ನೆ



ನಮ್ಮ ಬಾಡಗಂಡಿ ಇರುವ ಬಾಗಲಕೋಟೆ ಜಿಲ್ಲೆಗೆ ಶಾಸನಗಳ ಕೊರತೆ ಇಲ್ಲ. ತೇರದಾಳದ ಜೈನ ಶಾಸನವನ್ನು ಕೆ. ಬಿ. ಪಾಠಕರು 1885ರ 'ಇಂಡಿಯನ್ ಆಂಟಿಕ್ವರಿ' 14ನೇ ಸಂಪುಟದಲ್ಲಿ ಪ್ರಕಟಿಸಿದರು. ಐಹೊಳೆಯ ಮೇಗುತಿ ಬಸದಿಯಲ್ಲಿರುವ ರವಿಕೀರ್ತಿಯ ಶಾಸನವನ್ನು (ಶಕ 556, ಅಂದರೆ ಕ್ರಿ.ಶ. 634-35) ಕೀಲ್‌ಹಾರ್ನ್ 'ಎಪಿಗ್ರಾಫಿಯಾ ಇಂಡಿಕಾ' 6ನೇ ಸಂಪುಟದಲ್ಲಿ ಸಂಪಾದಿಸಿದರು. ಈಗ ಇಂಥ ಪಾಠಗಳನ್ನು ನಾವು ನೀವು ಟೈಪ್ ಮಾಡಿ ಕಂಪ್ಯೂಟರಿಗೆ ಹಾಕ್ತಾ ಇದ್ದೀವಿ. ಹಾಗೆ ಹಾಕುವಾಗ ಪುಸ್ತಕದ ಆವರಣ ಚಿಹ್ನೆಗಳ ಗತಿ ಏನಾಗುತ್ತೆ ಅನ್ನೋದೇ ಈ ಬರಹದ ವಿಷಯ.

ಒಂದು ಊಹೆಯ ಉದಾಹರಣೆ ನೋಡ್ರಿ: ವಿಕ್ರಮಾ[ದಿತ್ಯ]. 'ಎಪಿಗ್ರಾಫಿಯಾ ಇಂಡಿಕಾ'ದ ರೂಢಿಯಲ್ಲಿ ಚೌಕ ಆವರಣದೊಳಗಿನ ಅಕ್ಷರ ಸವೆದಿದೆ, ಆದರೂ ಕಲ್ಲಿನ ಮೇಲೆ ಕಾಣಿಸುತ್ತೆ ಎಂದರ್ಥ. ಸಂಪಾದಕರು ತಾವೇ ಸೇರಿಸಿದ್ದಕ್ಕೆ ಆವರಣದ ಜೊತೆ ನಕ್ಷತ್ರ ಚಿಹ್ನೆ ಹಾಕುತ್ತಾರೆ. ಆದರೆ ಯುರೋಪಿನ ವಿದ್ವಾಂಸರು 1931ರಲ್ಲಿ ಲೈಡನ್‌ನಲ್ಲಿ ಸೇರಿ ಒಪ್ಪಿದ ಪದ್ಧತಿಯಲ್ಲಿ ಅದೇ ಚೌಕ ಆವರಣಕ್ಕೆ ಬೇರೆಯೇ ಅರ್ಥ: ಅಕ್ಷರ ಕಲ್ಲಿನಲ್ಲಿ ಉಳಿದೇ ಇಲ್ಲ, ಸಂಪಾದಕರು ತುಂಬಿದ್ದಾರೆ. ಚಿಹ್ನೆ ಒಂದೇ, ಒಂದರಲ್ಲಿ ಸಾಕ್ಷಿ ಕಲ್ಲು, ಇನ್ನೊಂದರಲ್ಲಿ ಸಂಪಾದಕರ ಊಹೆ. ಯಾರೋ ನಕಲು ಮಾಡುವಾಗ ಆವರಣವನ್ನೇ ಬಿಟ್ಟರೆ ಮುಗೀತು, ಒಬ್ಬ ರಾಜನ ಆಳ್ವಿಕೆಯ ಗಡಿಯೇ ನಮ್ಮೂರ ತನಕ ಹಿಗ್ಗಿಬಿಡಬಹುದು.

ಈ ತೊಡಕಿಗೆ ಮಾರ್ಕಪ್ ಕೊಟ್ಟ ಉತ್ತರ ಸರಳ: ಚಿಹ್ನೆ ಬೇಡ, ಹೆಸರು ಇಡಿ. ಗ್ರಂಥಪಾಠಗಳ ಡಿಜಿಟಲ್ ಸಂಪಾದನೆಗೆ 1987ರಲ್ಲಿ ಶುರುವಾದ ಟಿಇಐ ಎಂಬ ಮಾನದಂಡ ಇದೆ. ಅದನ್ನು ಶಾಸನಗಳಿಗೆ ಹೊಂದಿಸಿ 1990ರ ದಶಕದ ಕೊನೆಗೆ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಟಾಮ್ ಎಲಿಯಟ್ ಮತ್ತು ಸಂಗಡಿಗರು 'ಎಪಿಡಾಕ್' ಆರಂಭಿಸಿದರು. ದಕ್ಷಿಣ ಏಷ್ಯಾದ ಶಾಸನಗಳ ಮೇಲೆ ಕೆಲಸ ಮಾಡುವ ಯುರೋಪಿನ 'ಧರ್ಮ' ಯೋಜನೆಯೂ ಇದನ್ನೇ ಬಳಸುತ್ತದೆ. ಇದರಲ್ಲಿ ಅನುಮಾನದ ಅಕ್ಷರಕ್ಕೆ 'ಅನ್‌ಕ್ಲಿಯರ್', ಸಂಪಾದಕರು ತುಂಬಿದ್ದಕ್ಕೆ 'ಸಪ್ಲೈಡ್', ತುಂಬಲಾಗದ ಖಾಲಿಗೆ 'ಗ್ಯಾಪ್' ಎಂಬ ಎಲಿಮೆಂಟ್‌ಗಳಿವೆ. 'ಸಪ್ಲೈಡ್' ಎಂದು ಬರೆದರೆ ಯಾಕೆ ಎಂಬ ಕಾರಣವನ್ನೂ ಬರೀಬೇಕು: ಕಲ್ಲು ಒಡೆದು ಹೋಗಿದ್ದೋ, ಕಂಡರಣೆಕಾರ ಬಿಟ್ಟಿದ್ದೋ? ಪರದೆ ಮೇಲೆ ಯಾವ ಆವರಣ ತೋರಿಸಬೇಕು ಅನ್ನೋದು ಆಮೇಲಿನ ಮಾತು.

ಆದರೆ ಹೆಸರು ಇಟ್ಟರಷ್ಟೇ ಸಾಲದು, ಸ್ಪಷ್ಟವಾಗಿರಬೇಕು. ಟಿಇಐನ 'ಎಲ್‌ಬಿ' ಎಂಬ ಟ್ಯಾಗ್ ನೋಡಿ. ಇದರ ಅರ್ಥ 'ಲೈನ್ ಬಿಗಿನಿಂಗ್', ಸಾಲಿನ ಆರಂಭ. ಎಚ್‌ಟಿಎಂಎಲ್‌ನ 'ಬಿಆರ್' ರೂಢಿಯಾದವರು ಇದನ್ನು 'ಲೈನ್ ಬ್ರೇಕ್' ಅಂತ ಓದಿ ಸಾಲಿನ ಕೊನೆಗೆ ಹಾಕಿದರೆ ಸಾಲಿನ ಸಂಖ್ಯೆಗಳೆಲ್ಲ ಒಂದೊಂದು ಪಲ್ಲಟ. ಎರಡಕ್ಷರ ಉಳಿಸಲು ಹೋದ ಹೆಸರು ಹೀಗೆ ದುಬಾರಿ ಆಗಬಹುದು.

ಇದಕ್ಕಿಂತ ದೊಡ್ಡ ಪಾಠ ನಮ್ಮ ಲಿಪಿಯಲ್ಲೇ ಇದೆ. ಹಳಗನ್ನಡ ಶಾಸನ ಓದುವವರಿಗೆ ೞ ಗೊತ್ತೇ ಇದೆ. ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಅಳಿ ಅಂದರೆ ದುಂಬಿ, ಅೞಿ ಅಂದರೆ ನಾಶವಾಗು. ಈ ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಅಧಿಕೃತ ಹೆಸರು ಏನು ಗೊತ್ತೇನ್ರಿ? 'ಕನ್ನಡ ಲೆಟರ್ ಎಫ್‌ಎ', ಅಂದರೆ ಫ್ಯಾನಿನ 'ಫ'! ದೇವನಾಗರಿ ಕೋಷ್ಟಕದಲ್ಲಿ ಇದೇ ಮನೆಯಲ್ಲಿ ಚುಕ್ಕಿ ಇರುವ 'ಫ' ಇದೆ. ತಮಿಳು, ಮಲಯಾಳದ ಇದೇ ಅಕ್ಷರಕ್ಕೆ ಮೂರು 'ಎಲ್' ಇರುವ 'ಎಲ್‌ಎಲ್‌ಎಲ್‌ಎ' ಎಂಬ ಸರಿಯಾದ ಹೆಸರಿದೆ. ಕನ್ನಡ ಕೋಷ್ಟಕದಲ್ಲಿ ಆ ಮನೆ ಖಾಲಿ ಬಿದ್ದಿದೆ.

ತಪ್ಪು ಅಂತ ಯೂನಿಕೋಡ್‌ನವರೇ ಒಪ್ಪಿದ್ದಾರೆ, 'ಎಲ್‌ಎಲ್‌ಎಲ್‌ಎ' ಎಂಬ ತಿದ್ದುಪಡಿ ಹೆಸರನ್ನೂ ಪಕ್ಕಕ್ಕೆ ಕೊಟ್ಟಿದ್ದಾರೆ. ಮೂಲ ಹೆಸರು ಮಾತ್ರ ಬದಲಾಗಲ್ಲ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಎಂಬುದು ಅವರ ಸ್ಥಿರತೆಯ ನಿಯಮ. ಎಂಜಿನಿಯರ್ ಆಗಿ ನನಗೆ ಆ ನಿಯಮ ಅರ್ಥವಾಗುತ್ತೆ: ಹೆಸರು ನೆಚ್ಚಿಕೊಂಡ ಪ್ರೋಗ್ರಾಂಗಳು ಮುರೀಬಾರದು. ಆದರೆ ಕನ್ನಡ ಬಾರದ ಒಬ್ಬ ಪ್ರೋಗ್ರಾಮರ್ ಆ ಹೆಸರನ್ನೇ ನಂಬಿ ಲಿಪ್ಯಂತರ ತಂತ್ರಾಂಶ ಬರೆದರೆ, 'ಬಾೞ್' ಹೋಗಿ 'ಬಾಫ್' ಆಗುತ್ತೆ.

ಹಾಗಾಗಿ ಸ್ವಂತ ಶಾಸನ ಸಂಗ್ರಹ ಮಾಡುವವರಿಗೆ ನನ್ನ ಸಲಹೆ ಇಷ್ಟೇ. ಹೆಸರು ನೋಟವನ್ನಲ್ಲ, ಕೆಲಸವನ್ನು ಹೇಳಲಿ. 'ಕೆಂಪು ಅಕ್ಷರ' ಎನ್ನುವುದಕ್ಕಿಂತ 'ಸಂಪಾದಕರು ತುಂಬಿದ್ದು' ಮೇಲು. ತೀರಾ ಚುಟುಕು ಮಾಡಬೇಡಿ. ಒಂದು ಟ್ಯಾಗಿಗೆ ಎರಡು ಅರ್ಥ ಬೇಡ. ಸಾಧ್ಯವಾದಷ್ಟು ಎಪಿಡಾಕ್ ಹೆಸರುಗಳನ್ನೇ ಬಳಸಿ, ಕನ್ನಡ ವಿವರಣೆಯನ್ನು ಫೈಲಿನ ತಲೆಯಲ್ಲೇ ಬರೆದಿಡಿ. ಪುಸ್ತಕದಿಂದ ಇಳಿಸುವಾಗ ಆ ಸಂಪುಟದಲ್ಲಿ ಆವರಣಕ್ಕೆ ಯಾವ ಅರ್ಥ ಇದೆ ಅಂತ ಮೊದಲು ನೋಡಿ, ಆಮೇಲೆ ಟ್ಯಾಗ್ ಹಾಕಿ.

ಆಲಮಟ್ಟಿ ಹಿನ್ನೀರಿಗೆ ನಮ್ಮ ಬೀಳಗಿ, ಬಾಗಲಕೋಟೆ ಕಡೆಯ ಊರೂರೇ ಜಾಗ ಬಿಟ್ಟು ಎದ್ದವು. ಕಲ್ಲು ಇದ್ದಲ್ಲೇ ಇರುತ್ತೆ ಅನ್ನೋ ಭರವಸೆ ಈ ಸೀಮೆಯವರಿಗೆ ಇಲ್ಲ. ಕಲ್ಲು ಹೋದ ಮೇಲೆ ಉಳಿಯೋದು ನಾವು ಬರೆದಿಟ್ಟ ಫೈಲು. ಅದರಲ್ಲಿ ಕಲ್ಲು ಹೇಳಿದ್ದು ಯಾವುದು, ನಾವು ಹೇಳಿದ್ದು ಯಾವುದು ಅಂತ ಮುಂದಿನವರಿಗೆ ಬೇರೆ ಮಾಡಿ ತೋರಿಸೋದು ಆ ಟ್ಯಾಗುಗಳ ಹೆಸರು ಮಾತ್ರ.