ಚಾವುಂಡರಾಯನ ಚರಿತ್ರೆ ಮತ್ತು ಕಥನ

ಗಂಗ ಮಾರಸಿಂಹ ಹಾಗೂ ರಾಚಮಲ್ಲರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಶಕ 900ರಲ್ಲಿ, ಎಂದರೆ ಕ್ರಿ.ಶ. 978ರಲ್ಲಿ, ತನ್ನ ಪುರಾಣವನ್ನು ಪೂರೈಸಿದನು. ಅದರಲ್ಲಿ ತಾನು ಪಡೆದ ಬಿರುದುಗಳನ್ನೂ ಅವುಗಳಿಗೆ ಕಾರಣವಾದ ಯುದ್ಧಗಳನ್ನೂ ಹೇಳಿಕೊಂಡಿದ್ದಾನೆ. ಗೊಮ್ಮಟಮೂರ್ತಿಯ ಮಾತೇ ಅಲ್ಲಿಲ್ಲ. ಮೂರ್ತಿ ಅನಂತರದ್ದೆಂದು ವಿದ್ವಾಂಸರು ಊಹಿಸುವುದು ಇದರಿಂದಲೇ. ಮೂರ್ತಿಯ ಪಾದಗಳ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿರುವ ಕಿರುಬರಹಗಳು ಮಾಡಿಸಿದವನ ಹೆಸರನ್ನಷ್ಟೇ ತಿಳಿಸುತ್ತವೆ.

ಆತನ ಕಾಲದ ಹೆಚ್ಚಿನ ವಿವರ ದೊರೆಯಬಹುದಾಗಿದ್ದುದು ದೊಡ್ಡಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದಲ್ಲಿ. ಆದರೆ ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬವನು ತನ್ನ ಎರಡೂವರೆ ಸಾಲಿನ ಬರಹಕ್ಕಾಗಿ ಮೂರು ಮುಖಗಳ ಶಾಸನವನ್ನು ಅಳಿಸಿಹಾಕಿದನು! ಉಳಿದ ಉತ್ತರಮುಖದಲ್ಲಿ ಕುಲಪ್ರಶಂಸೆ, ಯುದ್ಧವರ್ಣನೆಗಳಿವೆ. ಪ್ರತಿಷ್ಠೆಯ ವೃತ್ತಾಂತವೇನಾದರೂ ಇದ್ದಿದ್ದರೆ ಅದು ಅಳಿದ ಭಾಗದಲ್ಲಿಯೇ ಇದ್ದಿರಬೇಕು.

ಈ ತೆರವನ್ನು ಕಥೆ ತುಂಬಿತು. ಸುಮಾರು 1180ರ ಬೊಪ್ಪಣ ಪಂಡಿತನ ಶಾಸನದಲ್ಲಿ ಭರತನು ಪೌದನಪುರದಲ್ಲಿ ಮಾಡಿಸಿದ ಮೂರ್ತಿ, ಅದನ್ನು ಸುತ್ತುವರಿದ ಕುಕ್ಕುಟಸರ್ಪಗಳು, ಅದು ದೂರವೂ ದುರ್ಗಮವೂ ಎಂದು ತಿಳಿದು ರಾಯನು ಇಲ್ಲಿಯೇ ಅಂತಹದನ್ನು ಮಾಡಿಸಿದ ಸಂಗತಿ, ಇಷ್ಟು ಬರುತ್ತದೆ. ಇದನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕುವುದು ಸರಿಯಲ್ಲ. ರಾಯನ ಸಮಕಾಲೀನರಾದ ನೇಮಿಚಂದ್ರಾಚಾರ್ಯರೇ ಗೊಮ್ಮಟಸಾರದಲ್ಲಿ ಈ ಮೂರ್ತಿಯನ್ನು ದಕ್ಷಿಣ ಕುಕ್ಕುಟಜಿನನೆಂದು ಕರೆದಿದ್ದಾರೆ. ಉತ್ತರದಲ್ಲಿ ಮತ್ತೊಂದು ಕುಕ್ಕುಟಜಿನನಿದ್ದನೆಂಬ ನಂಬಿಕೆ ಆಗಲೇ ಇಲ್ಲದಿದ್ದರೆ 'ದಕ್ಷಿಣ' ಎಂಬ ವಿಶೇಷಣಕ್ಕೆ ಅರ್ಥವಿಲ್ಲ.

ತಾಯಿಯ ದರ್ಶನವ್ರತ, ಸ್ವಪ್ನ, ಚಿಕ್ಕಬೆಟ್ಟದಿಂದ ಬಿಟ್ಟ ಬಾಣ ಇವೆಲ್ಲ ದೊಡ್ಡಯ್ಯನ ಸಂಸ್ಕೃತ ಭುಜಬಲಿಶತಕದಂತಹ ಬಹು ಈಚಿನ ಕೃತಿಗಳವು. ರಾಯನ ಗರ್ವಭಂಗದ ಪ್ರಸಂಗವೂ ಬೊಪ್ಪಣನಿಗೆ ಗೊತ್ತಿಲ್ಲ. ಅಭಿಷೇಕದ ಹಾಲನ್ನು ತಂದ ಮುದುಕಿ ಒಂದು ಕಥನದಲ್ಲಿ ಪದ್ಮಾವತಿ, ಇನ್ನೊಂದರಲ್ಲಿ ಕೂಷ್ಮಾಂಡಿನಿ. ಹೀಗೆ ಹೆಸರೇ ನಿಲ್ಲದಿರುವುದು ಕಥೆ ಇನ್ನೂ ಬೆಳೆಯುತ್ತಿದ್ದುದಕ್ಕೆ ಗುರುತು.

ಗುಳ್ಳಕಾಯಜ್ಜಿಯ ಕಥೆ ಭಕ್ತರಿಗೆ ಪ್ರಿಯವಾದುದು. ಬಡವಳ ಭಕ್ತಿಯನ್ನು ಅದು ಎತ್ತಿಹಿಡಿಯುತ್ತದೆ. ಆದರೆ ಅದಕ್ಕಾಗಿ ನಿಜವಾಗಿ ಬಾಳಿದ ಶ್ರಾವಕನೊಬ್ಬನ ಮೇಲೆ ಅಹಂಕಾರದ ದೋಷ ಹೊರಿಸಲ್ಪಟ್ಟಿತು. ತನ್ನ ಯುದ್ಧಬಿರುದುಗಳನ್ನು ಆತನು ಎಣಿಸಿಕೊಂಡದ್ದು ಹೌದು. ಅದು ಆ ಕಾಲದ ವೀರರ ವಾಡಿಕೆ. ಪ್ರತಿಷ್ಠೆಯ ಗರ್ವಕ್ಕೆ ಸಾಕ್ಷಿಯಾಗಲಾರದು. ಸಹೋದರ ನಾಗವರ್ಮನನ್ನು ಕೊಂದವನನ್ನು ಸಂಹರಿಸಿ ಸಮರಪರಶುರಾಮನೆನಿಸಿದ ಆತನ ನೈಜ ದುಃಖಕೋಪಗಳಿಗೆ ಈ ಕಥನಗಳಲ್ಲಿ ಎಡೆಯೇ ದೊರೆಯಲಿಲ್ಲ. ಅವು ಆತನ ಸ್ವಂತ ಪುರಾಣದಲ್ಲಿಯೇ ಉಳಿದಿವೆ.